ಮೇಷ್ಟ್ರ ಪಾಲು

ಟ್ರ್ಯಾಕ್ಟರು ನೇರ ಗದ್ದೆಗೇ ಇಳಿದಾಗ ಶಿವನಂಜಮ್ಮ ಕೊಯ್ದ ಪೈರಿನ ಕೊನೆಯ ಸಿವುಡು ಕಟ್ಟುತ್ತಿದ್ದಳು. ಹಿಂದೆಯೇ ಸ್ಕೂಟರಿನಲ್ಲಿ ಬಂದವರು ಗದ್ದೆಯ ಯಜಮಾನರು, ಮದ್ದೂರಿನ ಸಿದ್ದರಾಮು ಮೇಷ್ಟ್ರು.

"ಅರ್ಧ ತುಂಬಪ್ಪ ಕರಿಯಯ್ಯ," ಎಂದರು ಮೇಷ್ಟ್ರು ಟ್ರ್ಯಾಕ್ಟರಿನವನಿಗೆ, ಶಿವನಂಜಮ್ಮನ ಮುಖ ನೋಡದೆ.

"ಏನ್ ತುಂಬಾದು ಮೇಸ್ಟ್ರೆ?"

"ನನ್ನ ಪಾಲು."

ಹನ್ನೊಂದು ವರ್ಷದಿಂದ ಅವಳು ಆ ಗದ್ದೆಯನ್ನು ಪಾಲಿನ ಲೆಕ್ಕದಲ್ಲಿ ವಾರಕ್ಕೆ ಮಾಡುತ್ತಿದ್ದಳು. ಭತ್ತ ಇಬ್ಬರಿಗೂ ಸಮ, ಹುಲ್ಲು ಗೇಯ್ದವರಿಗೆ. ಕೊಪ್ಪದ ಸುತ್ತ ಎಲ್ಲರದೂ ಅದೇ ಪದ್ಧತಿ. ಈ ಸಲ ತೆನೆ ಹಾಲುಗಟ್ಟುವ ಹೊತ್ತಿಗೆ ನಾಲೆ ನಿಂತುಹೋಗಿ ಬರೀ ಜೊಳ್ಳಾಗಿತ್ತು. ಹುಲ್ಲಾದರೂ ಸಿಕ್ಕರೆ ಎರಡು ಹಸು ಬೇಸಿಗೆ ದಾಟುತ್ತವೆ ಎಂದು ನಾಲ್ಕು ದಿನ ಒಬ್ಬಳೇ ಕೊಯ್ದಿದ್ದಳು. ಬರಗಾಲದಲ್ಲಿ ಹುಲ್ಲಿನ ಬೆಲೆ ಏರಿದ್ದು ಮೇಷ್ಟ್ರ ಕಿವಿಗೂ ಬಿದ್ದಿತ್ತು.

"ಹುಲ್ನಾಗೆ ಯಾವತ್ತಾರ ಪಾಲು ಕೇಳಿದ್ರಾ? ಹೊಟ್ಟೆ ಉರುಸ್ಬ್ಯಾಡಿ."

"ಇದು ಹುಲ್ಲಲ್ಲಮ್ಮ." ಮೇಷ್ಟ್ರು ಪಾಠ ಹೇಳುವವರಂತೆ ಬೆರಳೆತ್ತಿದರು. "ಬಡಿದ ಮೇಲೆ ಹುಲ್ಲು. ಬಡಿಯೋ ತನಕ ಬೆಳೆ. ಬೆಳೇಲಿ ಅರ್ಧ ನಂದು."

ಬಡಿಯುವುದಕ್ಕೆ ಕಾಳೆಲ್ಲಿತ್ತು? ಓದಿದವರ ಬುದ್ಧಿ ಓಡುವುದೇ ಇಂಥದಕ್ಕೆ. ಶಿವನಂಜಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿ, ಬದುವಿನ ಮೇಲಿದ್ದ ಕಲ್ಲನ್ನು ಮೇಷ್ಟ್ರ ಕಾಲ ಬುಡಕ್ಕೇ ಉರುಳಿಸಿಕೊಂಡು ಬಂದಳು. ಒಂದು ಸಿವುಡು ಎತ್ತಿ ಬಡಿದಳು. ಇನ್ನೊಂದು ಎತ್ತಿದಳು. ಜೊಳ್ಳು ಗಾಳಿಗೆ ಹಾರಿ ಅವರ ಕಣ್ಣಿಗೂ ಬಾಯಿಗೂ ಬಿತ್ತು.

"ಏಯ್, ತಲೆ ಕೆಟ್ಟಿದ್ಯಾ? ಕಾಳಿಲ್ಲ ಅಂತ ಗೊತ್ತಿಲ್ವಾ?"

"ಗೊತ್ತು ಕಣಿ. ಹುಲ್ಲು ಮಾಡ್ತಾ ಇವ್ನಿ."

ಬಿಸಿಲು ನೆತ್ತಿಗೇರಿತು. ಅವಳ ಅಂಗೈ ಬಿರಿಯಿತು. "ತುಂಬೋ, ಸುಮ್ನೆ ಯಾಕೆ ಕೂತಿದೀಯ!" ಎಂದು ಮೇಷ್ಟ್ರು ಡ್ರೈವರಿನ ಮೇಲೆ ರೇಗಿದರು. ಕರಿಯಯ್ಯ ಸೀಟಿನಿಂದ ಇಳಿದ, ಟವೆಲು ತಲೆಗೆ ಸುತ್ತಿಕೊಂಡ. ರಾಶಿಯಿಂದ ಒಂದು ಸಿವುಡು ಎಳೆದುಕೊಂಡು, ಅವಳ ಎದುರು ನಿಂತು ತಾನೂ ಬಡಿಯತೊಡಗಿದ.

"ಬಡಿದ್ ಮ್ಯಾಕೆ ಅಲ್ವಾ ಸಾ ಹುಲ್ಲು?" ಎಂದ.

ಮೇಷ್ಟ್ರು ಇಸ್ತ್ರಿ ಅಂಗಿಗೆ ಅಂಟಿದ್ದ ಜೊಳ್ಳನ್ನು ಕೊಡವಿಕೊಳ್ಳುತ್ತ ಸ್ಕೂಟರಿನ ಕಡೆ ಹೊರಟರು.

"ನಿಂತ್ಕಳಿ ಮೇಸ್ಟ್ರೆ!" ಶಿವನಂಜಮ್ಮ ಕೂಗಿದಳು. "ಅದ್ಯಾಕ್ ಕೊಡವ್ತೀರಿ? ಅದೇ ಕಣಿ ನಿಮ್ ಪಾಲು."