ಎಲ್ಲರಿಗೂ ಕಾಣುವ ಫೋಟೋ

ನೆಂಟರೆಲ್ಲ ಸೇರಿ ಆನ್‌ಲೈನಿನಲ್ಲಿ ಬೆಳೆಸುತ್ತಿದ್ದ ವಂಶವೃಕ್ಷದಲ್ಲಿ, ಒಂಬತ್ತು ವರ್ಷದಿಂದ ಕಾಣೆಯಾಗಿದ್ದ ಅಣ್ಣನ ಹೆಸರಿನ ಕೆಳಗೆ ಈ ಬೆಳಿಗ್ಗೆ 'ಮೃತ' ಎಂದಿತ್ತು. ತಂಗಿ ತಕ್ಷಣ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದಳು.

"ಯಾರನ್ನ ಕೇಳಿ ಅವನನ್ನ ಸಾಯಿಸಿದೆ?"

"ನಾನಲ್ಲಮ್ಮ ತಾಯಿ. ನಾನಿನ್ನೂ ಮುತ್ತಜ್ಜನ ಅಪ್ಪನನ್ನೇ ಹುಡುಕ್ತಾ ಇದೀನಿ, ಬದುಕಿರೋರ ತಂಟೆಗೆ ಯಾಕೆ ಬರ್ಲಿ? ಯಾರು ಬದಲಾಯಿಸಿದ್ದು ಅಂತ ಅಲ್ಲೇ ಇರುತ್ತೆ, ನೋಡು."

ನೋಡಿದಳು. ಅಲ್ಲಿ ಅಮ್ಮನ ಹೆಸರಿತ್ತು.

ಅಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಗಳು ಫೋನನ್ನು ಮುಂದೆ ಹಿಡಿದರೂ ತಲೆಯೆತ್ತಲಿಲ್ಲ.

"ಬದುಕಿದಾನೆ ಅಂತ ಹಾಕಿದ್ರೆ ಅದು ಫೋಟೋನ ಹೊರಗಿನೋರಿಗೆ ತೋರಿಸಲ್ಲ. ಸತ್ತೋರದ್ದಾದ್ರೆ ಊರಿಗೆಲ್ಲ ಕಾಣುತ್ತೆ," ಎಂದಳು. "ಯಾರಾದ್ರೂ ನೋಡ್ಲಿ. ಇವನು ನಮ್ಮ ಬೀದೀಲೇ ಇದಾನಲ್ಲ ಅನ್ಲಿ."

ಮಗಳ ಬೆರಳು 'ಹಿಂದಿನಂತೆ ಮಾಡು' ಎಂಬುದರ ಮೇಲೆಯೇ ನಿಂತಿತ್ತು. ಸಾವಿನ ದಿನಾಂಕದ ಜಾಗವನ್ನು ಅಮ್ಮ ಖಾಲಿ ಬಿಟ್ಟಿದ್ದಳು. ಮಗಳು ಬೆರಳು ತೆಗೆದಳು. ತನ್ನ ಫೋನಿನಲ್ಲಿದ್ದ ಅಣ್ಣನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋಗಿ, ಹುಬ್ಬಿನ ಮೇಲಿನ ಗಾಯದ ಗುರುತು ಚೆನ್ನಾಗಿ ಕಾಣುವ ಒಂದನ್ನು ಆರಿಸಿ, ಅಮ್ಮ ಹಾಕಿದ್ದರ ಪಕ್ಕದಲ್ಲಿ ಸೇರಿಸಿದಳು.