ಮೊಳೆಯಿಲ್ಲದ ಬೋರ್ಡು

ಭವ್ಯಾ ಮೊಳೆಗೆ ಸುತ್ತಿಗೆ ಎತ್ತಿದಾಗ ಭೂತಯ್ಯ ಹಗ್ಗದ ಸುರುಳಿಯ ಮೇಲೆ ಕೂತು ನಗುತ್ತಿದ್ದ. ತೋಟದಂಚಿನ ಈ ತಾರೆ ಮರವನ್ನು ಇವತ್ತೇ ಉರುಳಿಸೆಂದು ಸಾಹುಕಾರರು ಅವನನ್ನು ಕಳಿಸಿದ್ದರು. ಉರುಳಿಸಕೂಡದೆನ್ನುವ ಬೋರ್ಡು ಹಿಡಿದು ಫಾರೆಸ್ಟ್ ಗಾರ್ಡ್ ಭವ್ಯಾ ಮೂಡಿಗೆರೆಯಿಂದ ಬೈಕಿನಲ್ಲಿ ಧಾವಿಸಿ ಬಂದಿದ್ದಳು.

"ಏನಂತ ಬರ್ದಿದೆ ಮೇಡಂ? ನಂಗೆ ಓದೋಕೆ ಬರಲ್ಲ."

"ಮೇಲೆ ಪೊಟರೇಲಿ ಮಂಗಟ್ಟೆ ಹಕ್ಕಿ ಗೂಡಿದೆ, ಮರ ಕಡಿದ್ರೆ ಕೇಸು ಅಂತ. ಕಾನೂನು, ಭೂತಯ್ಯಣ್ಣ."

"ನಮ್ಮ ಲೈನ್ ಮನೆ ಸೋರೋದಕ್ಕೊಂದು ಕಾನೂನಿಲ್ಲ, ಹಕ್ಕಿಗೆ ಕಾನೂನಾ!"

ಭವ್ಯಾ ಸುತ್ತಿಗೆ ಇಳಿಸಿದಳು. ಅವಳು ಹುಟ್ಟಿದ್ದೂ ತೋಟದ ಕೂಲಿಯಾಳುಗಳ ಅಂಥದೇ ಲೈನ್ ಮನೆಯಲ್ಲಿ. ಅಷ್ಟರಲ್ಲಿ ರೆಕ್ಕೆಯ ಭಾರೀ ಸದ್ದಾಗಿ ಗಂಡು ಮಂಗಟ್ಟೆ ಬಂದು ಕಾಂಡಕ್ಕೆ ಆತುಕೊಂಡಿತು. ಮೆತ್ತಿ ಮುಚ್ಚಿದ ಪೊಟರೆಯ ಸಣ್ಣ ಸೀಳಿನಿಂದ ಹಳದಿ ಕೊಕ್ಕಿನ ತುದಿಯೊಂದು ಹೊರಬಂತು. ಗಂಡು ತನ್ನ ಗಂಟಲಿನಿಂದ ಒಂದೊಂದೇ ಗೋಳಿಹಣ್ಣು ತೆಗೆದು ಅದಕ್ಕೆ ಕೊಟ್ಟಿತು. ಭೂತಯ್ಯನ ನಗು ನಿಂತಿತ್ತು.

"ಒಳಗಿರೋಳು ಹೊರಗೆ ಬರಲ್ವಾ?"

"ಮರಿ ದೊಡ್ಡದಾಗೋವರೆಗೂ ಇಲ್ಲ. ಪೊಟರೆ ಬಾಯಿ ತಾನೇ ಮೆತ್ಕೊಂಡು, ಗರಿ ಉದುರಿಸ್ಕೊಂಡು ಕೂತಿರ್ತಾಳೆ. ಅವನು ತಂದುಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ."

ಹಕ್ಕಿ ಹಾರಿಹೋದ ಮೇಲೆ ಅವಳು ಮತ್ತೆ ಸುತ್ತಿಗೆ ಎತ್ತಿದಳು. ಭೂತಯ್ಯ ಎದ್ದು ಬಂದು ಅವಳ ಕೈ ಹಿಡಿದುಬಿಟ್ಟ.

"ಹೊಡೀಬೇಡ ಮಾರಾಯ್ತಿ," ಎಂದ, ಪಿಸುದನಿಯಲ್ಲಿ. "ಒಳಗೆ ಬಾಣಂತಿ ಇದ್ದಾಳೆ."

ಆಮೇಲೆ ಮರ ಎಳೆದು ಕೆಡವಲು ತಂದಿದ್ದ ಹಗ್ಗ ಬಿಚ್ಚಿದ. ಬೋರ್ಡನ್ನು ಕಾಂಡಕ್ಕೆ ಒತ್ತಿ ಹಿಡಿದು, ಮೂರು ಸುತ್ತು ಬಿಗಿದು ಗಂಟು ಹಾಕಿದ. ನಾಲ್ಕು ಹೆಜ್ಜೆ ಹಿಂದೆ ಸರಿದು ದಿಟ್ಟಿಸಿದ.

"ಅಕ್ಷರ ತಲೆಕೆಳಗಾಗಿಲ್ಲ ತಾನೆ? ನೋಡು. ಸಾಹುಕಾರ್ರಿಗೆ ಓದೋಕೆ ಬರುತ್ತೆ."