ಬೆನ್ನಿನ ಡಾಕ್ಟರು

ಜಾವೆಲಿನ್ ಎಸೆತದಲ್ಲಿ ಜೆಸಿಂತಾ ತನ್ನನ್ನು ಸತತ ಮೂರು ಸಲ ಸೋಲಿಸಿದ್ದನ್ನು ಶಾಂಭವಿಗೆ ಇನ್ನೂ ಅರಗಿಸಿಕೊಳ್ಳಲಾಗಿರಲಿಲ್ಲ. ಈಗ ತನಗೆ ಕೂತರೂ ಎದ್ದರೂ ಬೆನ್ನುನೋವು. ಅವಳೋ ಅಭ್ಯಾಸ ಮುಗಿದದ್ದೇ ಬೆನ್ನುಮೂಳೆ ಸರಿಪಡಿಸುವ ಕೈರೋಪ್ರಾಕ್ಟರ್ ಒಬ್ಬರ ಬಳಿ ಹೋಗುತ್ತಾಳೆಂದು ಸುದ್ದಿ.

"ಯಾರೇ ಅದು ಡಾಕ್ಟ್ರು?" ಎಂದು ಶಾಂಭವಿ ನಾಚಿಕೆ ಬಿಟ್ಟು ಕೇಳಿದಳು.

"ಇನ್ನೆರಡು ದಿನ ತಡಿ, ಹೇಳ್ತೀನಿ," ಎಂದಳು ಜೆಸಿಂತಾ.

ರಾಜ್ಯ ತಂಡದ ಆಯ್ಕೆಗೆ ಉಳಿದಿದ್ದೇ ಹದಿನೈದು ದಿನ. ತಾನೊಬ್ಬಳೇ ಗಟ್ಟಿಯಾಗಬೇಕೆಂಬ ಆಸೆ ಇವಳದು ಎಂದು ಶಾಂಭವಿಯ ಹೊಟ್ಟೆ ಉರಿಯಿತು. ಮರುದಿನ ಅವಳ ಹಿಂದೆಯೇ ಹೋದಳು. ಜೆಸಿಂತಾ ಕ್ಲಿನಿಕ್ಕಿನಿಂದ ಹೊರಬಂದು ಮರೆಯಾಗುವವರೆಗೆ ಕಾದು ಒಳಗೆ ನುಗ್ಗಿದಳು.

"ಈಗ ಹೋದಳಲ್ಲ ಡಾಕ್ಟ್ರೇ, ಅವಳಿಗೆ ಕೊಟ್ಟ ಚಿಕಿತ್ಸೇನೇ ನನಗೂ ಕೊಡಿ."

"ಅವರಿಗೇನೂ ನೋವಿಲ್ಲಮ್ಮ," ಎಂದರು ಡಾಕ್ಟರು. "ನಾಲ್ಕು ಕ್ಲಿನಿಕ್ ಸುತ್ತಿ ಇಲ್ಲಿಗೆ ಬಂದ್ರು. ನನ್ನ ಡಿಗ್ರಿ ಪರೀಕ್ಷೆ ಮಾಡಿದ್ರು, ನಾನು ವಾಸಿ ಮಾಡಿದ ಆಟಗಾರರಿಗೆಲ್ಲ ಫೋನ್ ಮಾಡಿ ವಿಚಾರಿಸಿದ್ರು. ಶಾಂಭವಿ ಅನ್ನೋ ಗೆಳತಿಯ ಬೆನ್ನನ್ನ ಸಿಕ್ಕಸಿಕ್ಕವರ ಕೈಗೆ ಕೊಡೋಕೆ ಅವರಿಗೆ ಮನಸ್ಸಿಲ್ಲವಂತೆ."